ಎಸ್‌ಡಿಎಂಸಿ ಪೋಷಕರ ಕೈಯಲ್ಲಿ ಉಳಿಯಬೇಕಾದರೆ: ನಗರದ ಸರ್ಕಾರಿ ಶಾಲೆಗಳಿಗೆ ಒಂದು ಕೈಪಿಡಿ

ವಿಜ್ಞಾನಿ ರಾಜಾ ರಾಮಣ್ಣ ನೇತೃತ್ವದ ಶಿಕ್ಷಣ ಕಾರ್ಯಪಡೆಯ ಶಿಫಾರಸಿನಂತೆ 2001ರಲ್ಲಿ ಕರ್ನಾಟಕದ ಸರ್ಕಾರಿ ಶಾಲೆಗಳಿಗೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಬಂತು. ಶಿಕ್ಷಣ ಹಕ್ಕು ಕಾಯ್ದೆ 2009ರ 21ನೇ ಸೆಕ್ಷನ್ ಅದಕ್ಕೆ ಕಾನೂನಿನ ಬಲ ಕೊಟ್ಟಿತು. ಹಳ್ಳಿಯಲ್ಲಿ ಎಲ್ಲರಿಗೂ ಎಲ್ಲರ ಪರಿಚಯವಿರುತ್ತದೆ, ಸಮಿತಿ ಹೇಗೋ ಸೇರುತ್ತದೆ. ನಗರದಲ್ಲಿ ಹಾಗಲ್ಲ. ಬಾಡಿಗೆ ಮನೆ ಬದಲಾಗುತ್ತಲೇ ಇರುತ್ತದೆ. ಗಾರ್ಮೆಂಟ್ಸ್, ಮನೆಗೆಲಸ, ಕಟ್ಟಡ ಕೆಲಸಕ್ಕೆ ಹೋಗುವ ತಂದೆ ತಾಯಿಗೆ ಹಗಲು ಬಿಡುವೇ ಇಲ್ಲ. ಆದ್ದರಿಂದ ಇಲ್ಲಿ ಪ್ರತಿ ಹೆಜ್ಜೆಯನ್ನೂ ಯೋಚಿಸಿ ಇಡಬೇಕು.

1. ಚುನಾವಣೆಯ ದಿನ

ಪೋಷಕರ ಸಭೆಯನ್ನು ಬುಧವಾರ ಬೆಳಿಗ್ಗೆ 11ಕ್ಕೆ ಕರೆದರೆ ಬರುವವರು ಅಂಗಡಿ ಇಟ್ಟವರು ಮತ್ತು ಬಡಾವಣೆಯ ಮುಖಂಡರು ಮಾತ್ರ. ಸಭೆಯ ಹೊತ್ತು ಗೊತ್ತುಮಾಡುವವರೇ ಸಮಿತಿಯನ್ನೂ ಗೊತ್ತುಮಾಡಿದಂತೆ. ಭಾನುವಾರ ಬೆಳಿಗ್ಗೆಯೋ ಕೆಲಸ ಬಿಟ್ಟ ಮೇಲಿನ ಸಂಜೆಯೋ ಇಡಿ. ಒಂದು ವಾರ ಮೊದಲೇ ಮಕ್ಕಳ ಡೈರಿಯಲ್ಲಿ ಬರೆಸಿ, ಗೇಟಿಗೆ ಚೀಟಿ ಅಂಟಿಸಿ. ಉರ್ದು, ತಮಿಳು, ತೆಲುಗು, ಹಿಂದಿ ಮಾತಾಡುವ ಮನೆಗಳಿದ್ದರೆ ಅವರ ಭಾಷೆಯಲ್ಲಿ ಬಾಯಿಮಾತಿನಿಂದಲೂ ತಿಳಿಸಿ.

ಕಾಯ್ದೆಯ ಪ್ರಕಾರ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪೋಷಕರೇ ಆಗಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು, ಅವಕಾಶವಂಚಿತ ಗುಂಪು ಮತ್ತು ದುರ್ಬಲ ವರ್ಗದ ಮಕ್ಕಳ ಪೋಷಕರಿಗೆ ಪ್ರಮಾಣಕ್ಕೆ ತಕ್ಕ ಸ್ಥಾನ ಸಿಗಬೇಕು. ಮೊದಲೇ ಬರೆದ ಪಟ್ಟಿಯನ್ನು ಓದಿ ‘ಎಲ್ಲರಿಗೂ ಒಪ್ಪಿಗೆ ತಾನೇ?’ ಎಂದು ಮುಗಿಸಿದರೆ ಅದು ಆಯ್ಕೆಯಲ್ಲ. ತರಗತಿವಾರು ಕೂರಿಸಿ, ಪ್ರತಿ ತರಗತಿಯಿಂದ ಹೆಸರು ಸೂಚಿಸಲು ಹೇಳಿ, ಕೈ ಎತ್ತಿಸಿ ಎಣಿಸಿ, ಎಣಿಕೆಯನ್ನು ಅಲ್ಲೇ ಬರೆಯಿರಿ. ಏಳನೇ ತರಗತಿಯ ಪೋಷಕರನ್ನೇ ತುಂಬಿಸಿದರೆ ಸ್ವಲ್ಪ ಕಾಲದಲ್ಲೇ ಅವರ ಮಕ್ಕಳು ಶಾಲೆ ಬಿಡುತ್ತಾರೆ, ಸಮಿತಿ ಖಾಲಿಯಾಗುತ್ತದೆ. ಚಿಕ್ಕ ತರಗತಿಗಳವರೂ ಇರಲಿ.

2. ನಡಾವಳಿ ಪುಸ್ತಕ

ತಿಂಗಳಿಗೊಂದು ಸಭೆ. ನಿರ್ಣಯವನ್ನು ಸಭೆಯಲ್ಲೇ ಬರೆದು, ಗಟ್ಟಿಯಾಗಿ ಓದಿ, ಆಮೇಲೆ ಸಹಿ. ಓದು ಬಾರದ ತಾಯಂದಿರು ಇರುವ ಸಮಿತಿಯಲ್ಲಿ ಈ ಓದುವಿಕೆಯನ್ನು ಯಾವ ಕಾರಣಕ್ಕೂ ಬಿಡಬಾರದು. ‘ಆಮೇಲೆ ಬರೆದುಕೊಳ್ಳೋಣ’ ಎಂದು ಖಾಲಿ ಪುಟಕ್ಕೆ ಸಹಿ ಹಾಕಿಸುವುದೇ ಎಲ್ಲ ತೊಂದರೆಗಳ ಬೇರು. ಖಾಲಿ ಚೆಕ್ಕಿಗೂ ಇದೇ ಮಾತು.

3. ಹಣದ ಲೆಕ್ಕ

ಕೇಂದ್ರದ ಸಮಗ್ರ ಶಿಕ್ಷಣ ಯೋಜನೆಯ ವಾರ್ಷಿಕ ಶಾಲಾ ಅನುದಾನ ಮಕ್ಕಳ ಸಂಖ್ಯೆಗೆ ತಕ್ಕಂತಿದೆ: 31ರಿಂದ 100 ಮಕ್ಕಳಿಗೆ ₹25,000, 101ರಿಂದ 250ಕ್ಕೆ ₹50,000, 251ರಿಂದ 1,000ಕ್ಕೆ ₹75,000. ಇದರಲ್ಲಿ ಕನಿಷ್ಠ ಶೇ 10 ಶುಚಿತ್ವಕ್ಕೆ ಮೀಸಲು. ಮಿತಿ ಗಮನಿಸಿ: 100 ಮಕ್ಕಳಿದ್ದ ಶಾಲೆಗೆ ಇನ್ನೊಂದು ಮಗು ಸೇರಿದರೆ ಅನುದಾನದ ಹಂತವೇ ಬದಲಾಗುತ್ತದೆ. ಹಾಗಾಗಿ ದಾಖಲಾತಿ ಸಂಖ್ಯೆ ಸರಿಯಾಗಿ ನಮೂದಾಗಿದೆಯೇ ಎಂದು ಸಮಿತಿ ನೋಡಬೇಕು. ಬಂದ ಮೊತ್ತ, ಖರ್ಚು, ಉಳಿಕೆಯನ್ನು ಗೋಡೆಯ ಮೇಲೆ ಬರೆಸಿ. ಪೋಷಕರು ಕೇಳುವ ಮೊದಲೇ ಕಾಣಿಸಲಿ.

4. ಬಿಸಿಯೂಟ

ಒಂದರಿಂದ ಐದನೇ ತರಗತಿಯ ಪ್ರತಿ ಮಗುವಿಗೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ. ಆರರಿಂದ ಎಂಟಕ್ಕೆ 150, 30, 75 ಗ್ರಾಂ. ಐದನೇ ತರಗತಿವರೆಗಿನ 80 ಮಕ್ಕಳು ಹಾಜರಿದ್ದ ದಿನ 8 ಕೆ.ಜಿ. ಅಕ್ಕಿ, 1.6 ಕೆ.ಜಿ. ಬೇಳೆ, 4 ಕೆ.ಜಿ. ತರಕಾರಿ ಹೊರಬರಬೇಕು. ಹಾಜರಿ ಪುಸ್ತಕ ಮತ್ತು ದಾಸ್ತಾನು ಪುಸ್ತಕವನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಸಾಕು, ಜಗಳ ಬೇಕಿಲ್ಲ. ದೊಡ್ಡ ಅಡುಗೆಮನೆಯಿಂದ ವ್ಯಾನಿನಲ್ಲಿ ಊಟ ಬರುವ ಕಡೆ ತೂಕ ಸಾಧ್ಯವಾಗದು. ಅಲ್ಲಿ ಬಂದ ಹೊತ್ತು, ಬಿಸಿ ಇತ್ತೇ, ಮಕ್ಕಳು ಎಷ್ಟು ಬಿಟ್ಟರು ಎಂಬುದನ್ನು ಬರೆದಿಡಿ.

5. ಶಾಲಾಭಿವೃದ್ಧಿ ಯೋಜನೆ

ಶಿಕ್ಷಣ ಹಕ್ಕು ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ಈ ಯೋಜನೆಯನ್ನು ತಯಾರಿಸುವುದು ಸಮಿತಿ. ಸರ್ಕಾರದ ಅನುದಾನಕ್ಕೆ ಇದೇ ಆಧಾರವಾಗಬೇಕು ಎಂದೂ ಅದೇ ಸೆಕ್ಷನ್ ಹೇಳುತ್ತದೆ. ಕಳೆದ ವರ್ಷದ್ದನ್ನೇ ನಕಲು ಮಾಡಿದರೆ ಈ ಅವಕಾಶ ಕೈತಪ್ಪುತ್ತದೆ. ಮೊದಲು ತರಗತಿವಾರು ಮಕ್ಕಳನ್ನು ಎಣಿಸಿ, ಆಮೇಲೆ ಶಿಕ್ಷಕರನ್ನು: ಐದನೇ ತರಗತಿವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ 2, 61ರಿಂದ 90ಕ್ಕೆ 3, 91ರಿಂದ 120ಕ್ಕೆ 4. ಹುಡುಗಿಯರ ಶೌಚಾಲಯಕ್ಕೆ ನೀರಿದೆಯೇ, ಕಾಂಪೌಂಡ್ ಪೂರ್ತಿಯಾಗಿದೆಯೇ ನೋಡಿ. ನಗರದ ಶಾಲೆಗೆ ಇನ್ನೊಂದು ಮುಖ್ಯ: ಜಾಗದ ದಾಖಲೆ ಯಾರ ಹೆಸರಿನಲ್ಲಿದೆ ಎಂದು ವಿಚಾರಿಸಿ, ಸರ್ವೆ ಮಾಡಿಸಲು ನಿರ್ಣಯ ಮಾಡಿ. ಗೋಡೆಯಿಲ್ಲದ ಮೈದಾನ ಮೊದಲು ಪಾರ್ಕಿಂಗ್ ಆಗುತ್ತದೆ, ಬರಬರುತ್ತಾ ಕೈಬಿಟ್ಟೇ ಹೋಗುತ್ತದೆ.

6. ಉತ್ತರ ಬಾರದಿದ್ದರೆ

ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಕೊಟ್ಟ ಪ್ರತಿ ಅರ್ಜಿಗೂ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಮಾಹಿತಿ ಹಕ್ಕಿನಡಿ ಕೇಳಿದ್ದಕ್ಕೆ 30 ದಿನದೊಳಗೆ ಉತ್ತರ ಬರಬೇಕು. ಮಗುವಿನ ಹಕ್ಕಿಗೆ ಸಂಬಂಧಿಸಿದ ದೂರನ್ನು ಶಿಕ್ಷಣ ಹಕ್ಕು ಕಾಯ್ದೆಯ 32ನೇ ಸೆಕ್ಷನ್ ಅಡಿ ಸ್ಥಳೀಯ ಪ್ರಾಧಿಕಾರಕ್ಕೆ ಬರಹದಲ್ಲಿ ಕೊಡಿ. ಅದು ಮೂರು ತಿಂಗಳಲ್ಲಿ ತೀರ್ಮಾನಿಸಬೇಕು. ಅದೂ ಸರಿ ಹೋಗದಿದ್ದರೆ ಮೇಲ್ಮನವಿ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ. ಅರ್ಜಿಯ ಜೊತೆ ನಡಾವಳಿ ಪುಸ್ತಕದಲ್ಲಿ ಆ ವಿಷಯದ ನಿರ್ಣಯ ಬರೆದ ಪುಟದ ನಕಲನ್ನು ಲಗತ್ತಿಸಿ.