ಹತ್ತಡಿ ಉದ್ದ, ಆರೂವರೆ ಅಡಿ ಅಗಲ: ಮನೆಯಲ್ಲೇ ನನ್ನ ಬೈಕ್ ವರ್ಕ್‌ಶಾಪ್

ಹೋದ ತಿಂಗಳು ಮನೆಯಲ್ಲೇ ಬೈಕ್ ಎಂಜಿನ್ನಿನ ಹೆಡ್, ಅಂದರೆ ವಾಲ್ವ್ ಇರೋ ಮೇಲ್ಭಾಗ, ಬಿಚ್ಚಿದೆ. ವಾಲ್ವ್ ಸೀಲ್ ಬದಲಾಯಿಸಿ ಮತ್ತೆ ಕೂರಿಸಿದೆ. ಎರಡನೇ ಕಿಕ್‌ಗೆ ಸ್ಟಾರ್ಟ್ ಆಯಿತು. ಆಯಿಲ್ ಉರಿದು ಬರುತ್ತಿದ್ದ ನೀಲಿ ಹೊಗೆ ನಿಂತಿತು, ಎಲ್ಲೂ ಆಯಿಲ್ ಜಿನುಗಲಿಲ್ಲ. ಇಷ್ಟು ಕೆಲಸ ಆಗಿದ್ದು ಹತ್ತಡಿ ಉದ್ದ, ಆರೂವರೆ ಅಡಿ ಅಗಲದ ಜಾಗದಲ್ಲಿ. ಲಿಫ್ಟ್ ಇಲ್ಲ, ಕಂಪ್ರೆಸರ್ ಇಲ್ಲ. ‘ಅಷ್ಟು ಜಾಗದಲ್ಲಿ ಚೈನ್‌ಗೆ ಎಣ್ಣೆ ಬಿಡಬಹುದು, ಅಷ್ಟೇ’ ಅಂದವರು ಮೂರು ನಾಲ್ಕು ಜನ ಇದ್ದರು. ಅವರಿಗೋಸ್ಕರವೇ ಇದನ್ನು ಬರೆಯುತ್ತಿದ್ದೇನೆ ಅಂದುಕೊಂಡರೂ ತಪ್ಪಿಲ್ಲ.

ಮೊದಲನೇ ವರ್ಷ ಪೂರ್ತಿ ದಂಡ. ಶುರುವಿಗೇ ಒಂದು ದೊಡ್ಡ ಟೂಲ್ ಸೆಟ್ ತಂದೆ. ನೂರಕ್ಕೂ ಜಾಸ್ತಿ ಪೀಸ್, ನೋಡೋಕೆ ಫಳಫಳ. ಅದರಲ್ಲಿ ಕೈಗೆ ಬಂದಿದ್ದು ಹದಿನೈದೋ ಹದಿನಾರೋ. ಅವೂ ಹನ್ನೆರಡು ಮೂಲೆಯ ಸಾಕೆಟ್‌ಗಳು. ಹಳೇ ಬೈಕ್‌ನ ತುಕ್ಕು ಹಿಡಿದ ಬೋಲ್ಟ್‌ಗೆ ಹಾಕಿ ಜೋರು ಕೊಟ್ಟರೆ ಮೂಲೆ ಸವೆದು ಬೋಲ್ಟ್ ಗುಂಡಗಾಗುತ್ತದೆ. ಸೈಲೆನ್ಸರ್‌ನ ಎರಡು ನಟ್ಟು ಹಾಗೇ ಹೋದವು. ಆ ಸಂಜೆ ಸಿಟ್ಟು ಬಂದು ಪೇಪರ್, ಪೆನ್ಸಿಲ್ ಹಿಡಿದು ಬೈಕ್ ಸುತ್ತ ಕೂತೆ. ಒಂದೊಂದೇ ಬೋಲ್ಟ್ ನೋಡಿ ಸೈಜ್ ಬರೆದುಕೊಂಡೆ. 8, 10, 12, 14, 17 ಮಿಲಿಮೀಟರ್. ತಲೆಯೊಳಗೆ ಆರು ಮೂಲೆಯ ತೂತಿರೋ ಅಲೆನ್ ಬೋಲ್ಟ್‌ನಲ್ಲಿ 5 ಮತ್ತು 6. ಆಕ್ಸಲ್‌ಗೆ ಮಾತ್ರ ಬೇರೆ. ನನ್ನ ಬೈಕ್‌ನ ಮುಕ್ಕಾಲು ಭಾಗ ಇಷ್ಟರಲ್ಲೇ ಮುಗಿಯಿತು. ಆ ಚೀಟಿ ಹಿಡಿದುಕೊಂಡು ಹೋಗಿ ಆರು ಮೂಲೆಯ ಒಳ್ಳೆ ಸಾಕೆಟ್ ಅಷ್ಟೇ ತಂದೆ. ದೊಡ್ಡ ಸೆಟ್‌ಗೆ ಕೊಟ್ಟಿದ್ದರ ಅರ್ಧದಷ್ಟೂ ಆಗಲಿಲ್ಲ. ಆ ಚೀಟಿ ಇವತ್ತಿಗೂ ಗೋಡೆ ಮೇಲಿದೆ.

ಪ್ಲಸ್ ಸ್ಕ್ರೂ ವಿಷಯದಲ್ಲೂ ಹೀಗೇ ಆಯಿತು. ಕಾರ್ಬುರೇಟರ್ ಬೌಲ್‌ನ ನಾಲ್ಕು ಸ್ಕ್ರೂನಲ್ಲಿ ಮೂರರ ತಲೆ ಕಿತ್ತು ಬಂತು. ನನ್ನ ಕೈಯದ್ದೇ ತಪ್ಪು ಅಂದುಕೊಂಡಿದ್ದೆ. ತಪ್ಪು ಸ್ಕ್ರೂ ಡ್ರೈವರ್‌ನದ್ದು. ಜಪಾನಿ ಮೂಲದ ಬೈಕ್‌ಗಳಲ್ಲಿ ಹೆಚ್ಚಾಗಿ ಜೆಐಎಸ್, ಅಂದರೆ ಜಪಾನಿನ ಮಾನದಂಡದ ಸ್ಕ್ರೂ ಇರುತ್ತೆ. ಮಾಮೂಲಿ ಫಿಲಿಪ್ಸ್ ತುದಿ ಅದರಲ್ಲಿ ಪೂರ್ತಿ ಕೂರಲ್ಲ, ಜೋರು ಕೊಟ್ಟ ಕೂಡಲೇ ಮೇಲೆದ್ದು ತಲೆ ಸವೆಸುತ್ತೆ. ಜೆಐಎಸ್ ತುದಿಯ ಎರಡು ಡ್ರೈವರ್ ತಂದ ಮೇಲೆ ಇಲ್ಲಿವರೆಗೂ ಒಂದೇ ಒಂದು ತಲೆ ಹೋಗಿಲ್ಲ.

ಇನ್ನು ಟಾರ್ಕ್ ರೆಂಚ್, ಅಂದರೆ ಬೋಲ್ಟ್ ನಾವು ಸೆಟ್ ಮಾಡಿದಷ್ಟು ಬಿಗಿಯಾದ ಕೂಡಲೇ ಕ್ಲಿಕ್ ಅನ್ನೋ ರೆಂಚ್. ಇದರಲ್ಲಿ ನಾನು ತಿಂದ ಪೆಟ್ಟು ಜಾಸ್ತಿ. ಮೊದಲು ತಂದಿದ್ದು ದೊಡ್ಡದು, ಸುಮಾರು 200 ನ್ಯೂಟನ್ ಮೀಟರ್‌ವರೆಗೆ ಹೋಗುವಂಥದ್ದು. ಒಂದೇ ರೆಂಚ್‌ನಲ್ಲಿ ಎಲ್ಲ ಮುಗಿಸೋಣ ಅಂತ. ಕ್ಲಚ್ ಕವರ್‌ನ ಎಂ6 (6 ಮಿಲಿಮೀಟರ್ ದಪ್ಪದ) ಬೋಲ್ಟ್‌ಗೆ ಬೇಕಾಗಿದ್ದು 10ರ ಆಸುಪಾಸು. ಆ ರೆಂಚ್‌ನಲ್ಲಿ ಅಷ್ಟು ಕಡಿಮೆ ಸರಿಯಾಗಿ ಸೆಟ್ ಆಗೋದೇ ಇಲ್ಲ. ಕ್ಲಿಕ್ ಬರುತ್ತೆ, ಈಗ ಬರುತ್ತೆ ಅಂತ ತಿರುಗಿಸುತ್ತಾ ಹೋದೆ. ಬಿಗಿಯಾಗುತ್ತಿದ್ದ ಬೋಲ್ಟ್ ಇದ್ದಕ್ಕಿದ್ದಂತೆ ಮೆತ್ತಗಾಯಿತು, ಬೆಣ್ಣೆಯಲ್ಲಿ ತಿರುಗಿಸಿದ ಹಾಗೆ. ಆ ಮೆತ್ತಗಾಗೋದನ್ನು ಒಂದು ಸಲ ಕೈ ಅನುಭವಿಸಿದರೆ ಸಾಕು, ಜನ್ಮದಲ್ಲಿ ಮರೆಯಲ್ಲ. ಇನ್ನೊಂದು ಕಾಲು ಸುತ್ತಿಗೆ ಟಕ್ ಅಂತ ಮುರಿಯಿತು. ಅರ್ಧ ಬೋಲ್ಟ್ ಎಂಜಿನ್ ಒಳಗೇ ಉಳಿಯಿತು.

ಅದನ್ನು ತೆಗೆಯೋಕೆ ಡ್ರಿಲ್ ಹಾಕಿದೆ. ಬೋಲ್ಟ್ ಉಕ್ಕು, ಸುತ್ತ ಇರೋದು ಅಲ್ಯೂಮಿನಿಯಂ. ಬಿಟ್ ಮೆತ್ತಗಿನ ಕಡೆಗೇ ಜಾರಿತು, ತೂತು ಓರೆಯಾಯಿತು. ಕೊನೆಗೆ ಹೊರಗೆ ಕೊಟ್ಟು ಮಾಡಿಸಬೇಕಾಯಿತು. ಆ ಒಂದು ಬೋಲ್ಟ್‌ಗೆ ಕೊಟ್ಟ ದುಡ್ಡಲ್ಲಿ 5ರಿಂದ 25 ನ್ಯೂಟನ್ ಮೀಟರ್‌ವರೆಗಿನ ಚಿಕ್ಕ ಟಾರ್ಕ್ ರೆಂಚ್ ಬರುತ್ತಿತ್ತು. ಆಮೇಲೆ ಅದನ್ನೂ ತಂದೆ, ಬಿಡಿ. ಮುಂದೊಂದು ದಿನ ಆಯಿಲ್ ಇಳಿಸೋ ಡ್ರೈನ್ ಬೋಲ್ಟ್‌ನ ಥ್ರೆಡ್ ಹೋದಾಗ ಹೆಲಿಕಾಯಿಲ್ (ಹೊಸ ಥ್ರೆಡ್ ಕೊಡೋ ಸುರುಳಿ ತಂತಿ) ನಾನೇ ಹಾಕಿದೆ. ಕಬ್ಬಿಣದ ಒಂದು ದಪ್ಪ ತುಂಡಿಗೆ ನೇರವಾಗಿ ತೂತು ಕೊರೆಸಿಟ್ಟುಕೊಂಡಿದ್ದೆ. ಅದನ್ನೇ ಗೈಡ್ ಮಾಡಿಕೊಂಡು ಡ್ರಿಲ್ ಬಿಟ್ಟೆ. ಕೂದಲೆಳೆಯಷ್ಟೂ ಓರೆ ಬರಲಿಲ್ಲ.

ಲೈಟಿಗೆ ನಾನು ಖರ್ಚು ಮಾಡಿದ್ದು ತುಂಬಾ ಕಡಿಮೆ, ಲಾಭ ಆಗಿದ್ದು ತುಂಬಾ ಜಾಸ್ತಿ. ಮೊದಲು ಮೇಲೆ ಒಂದೇ ಟ್ಯೂಬ್ ಇತ್ತು. ಬಗ್ಗಿದ ಕೂಡಲೇ ನನ್ನ ತಲೆಯ ನೆರಳೇ ಎಂಜಿನ್ ಮೇಲೆ. ಈಗ ಎರಡೂ ಕಡೆ ಗೋಡೆಗೆ ಸೊಂಟದ ಎತ್ತರಕ್ಕೆ ಒಂದೊಂದು ಎಲ್ಇಡಿ ಪಟ್ಟಿ ಇದೆ. ಬೈಕ್‌ನ ಕೆಲಸ ಇರೋದೇ ಆ ಎತ್ತರದಲ್ಲಿ ಅಲ್ವಾ? ಬೆಳಕು ಅಡ್ಡಡ್ಡ ಬರುತ್ತೆ, ಬ್ಯಾಟರಿ ಕೆಳಗಿನ ವೈರ್‌ಗಳ ಬಣ್ಣವೂ ಕಾಣುತ್ತೆ.

ನೆಲಕ್ಕೆ ಸಾದಾ ಫ್ಲೋರ್ ಪೇಂಟ್ ಹೊಡೆದಿದ್ದೆ. ಎರಡನೇ ತಿಂಗಳಲ್ಲೇ ಡಾಟ್ 4 ಬ್ರೇಕ್ ಫ್ಲೂಯಿಡ್ ಚೆಲ್ಲಿತು. ಬೆಳಿಗ್ಗೆ ನೋಡಿದರೆ ಅಂಗೈ ಅಗಲದ ಪೇಂಟ್ ಸಿಪ್ಪೆ ಥರ ಎದ್ದಿತ್ತು. ಈಗ ಕೆಲಸ ನಡೆಯೋ ಕಡೆ ತಗಡಿನ ಅಗಲ ಟ್ರೇ ಹಾಸುತ್ತೇನೆ. ಬಿದ್ದ ವಾಷರ್ ಉರುಳಿ ಹೋಗಲ್ಲ ಅನ್ನೋದು ಇನ್ನೊಂದು ಅನುಕೂಲ.

ಪ್ಲೈವುಡ್‌ನಲ್ಲಿ ಲಿಫ್ಟ್ ಟೇಬಲ್ ಮಾಡೋಕೆ ಹೋಗಿ ಎರಡು ವಾರ ಕಳೆದೆ. ಬೈಕ್ ಹತ್ತಿಸಿ ಆಕ್ಸಲ್ ನಟ್‌ಗೆ ಜೋರು ಕೊಟ್ಟರೆ ಇಡೀ ಟೇಬಲ್ ಅಲ್ಲಾಡುತ್ತಿತ್ತು. ಅದನ್ನು ಬಿಚ್ಚಿ ಕಪಾಟು ಮಾಡಿಕೊಂಡೆ. ಬೈಕ್ ಮೇಲೆ ಬರದಿದ್ದರೆ ನಾನೇ ಕೆಳಗೆ ಹೋಗಬೇಕು, ಅಷ್ಟೇ. ಚಕ್ರದ ಮೋಟು ಸ್ಟೂಲ್ ಒಂದು, ಸೆಂಟರ್ ಸ್ಟ್ಯಾಂಡ್ ಕೆಳಗೆ ಎರಡಿಂಚು ದಪ್ಪದ ಹಲಗೆ. ಮುಂದಿನ ಚಕ್ರ ಬಿಚ್ಚಿದಾಗ ಎಂಜಿನ್ ಕೆಳಗೆ ಜಾಕ್. ಬೈಕ್ ಅತ್ತಿತ್ತ ವಾಲದ ಹಾಗೆ ಮೇಲಿನ ಬೀಮ್‌ನಿಂದ ಎರಡು ಬೆಲ್ಟ್. ಕೊಕ್ಕೆ ಬೀಮ್‌ಗೇ ಇರಬೇಕು, ಪ್ಲಾಸ್ಟರ್‌ಗೆ ಹೊಡೆದರೆ ಕಿತ್ತು ಬರುತ್ತೆ.

ಈಗ ಮುಖ್ಯ ವಿಷಯ. ಗೋಡೆ ಮೇಲೆ ಸೈಜ್ ಪ್ರಕಾರ ಸ್ಪ್ಯಾನರ್ ನೇತುಹಾಕೋದನ್ನು ನಾನು ಬಿಟ್ಟೆ. ಇಪ್ಪತ್ತು ವರ್ಷದಿಂದ ಗ್ಯಾರೇಜ್‌ನಲ್ಲಿರೋ ನನ್ನ ಗೆಳೆಯ ಇದನ್ನು ಒಪ್ಪಲೇ ಇಲ್ಲ. ‘ಏನೋ ಇದು, ಸ್ಪ್ಯಾನರ್ ಹುಡುಕೋಕೆ ಟ್ರೇ ಟ್ರೇ ತಡಕಾಡ್ತೀಯಾ?’ ಅಂದ. ನನ್ನ ಲೆಕ್ಕ ಬೇರೆ. ಸೈಜ್ ಪ್ರಕಾರ ಅಲ್ಲ, ಕೆಲಸದ ಪ್ರಕಾರ ಟ್ರೇ. ಚೈನ್ ಟ್ರೇ, ಬ್ರೇಕ್ ಟ್ರೇ, ಟ್ಯಾಪೆಟ್ (ವಾಲ್ವ್‌ನ ಸಂದು ಸರಿಮಾಡೋ ಕೆಲಸ) ಟ್ರೇ, ಫೋರ್ಕ್ (ಮುಂದಿನ ಚಕ್ರ ಹಿಡಿದಿರೋ ಕಾಲುಗಳು) ಟ್ರೇ. ಟ್ಯಾಪೆಟ್ ಟ್ರೇ ಇಳಿಸಿದರೆ ಸಂದು ಅಳೆಯೋ ಫೀಲರ್ ಗೇಜ್, ಕವರ್‌ನ ಓ ರಿಂಗ್, ಸ್ಕ್ರೂ ಹಿಡಿಯೋ ಚಿಕ್ಕ ಕೀ, ಲಾಕ್ ನಟ್‌ನ ಸ್ಪ್ಯಾನರ್ ಎಲ್ಲ ಒಟ್ಟಿಗೆ ಬರುತ್ತೆ. ಟಾರ್ಕ್ ಅಳತೆ ಬರೆದ ರಟ್ಟು ಟ್ರೇ ಒಳಗೇ ಅಂಟಿಸಿದ್ದೇನೆ. 10 ಮತ್ತು 12ರ ಸ್ಪ್ಯಾನರ್ ಮಾತ್ರ ಪ್ರತಿ ಟ್ರೇಗೂ ಒಂದೊಂದು ಬೇಕು. ಆ ಡಬಲ್ ಖರ್ಚು ಆಗುತ್ತೆ, ಸುಳ್ಳು ಹೇಳಲ್ಲ. ಆದರೆ ಮೊದಲು ಟ್ಯಾಪೆಟ್‌ಗೆ ಅರ್ಧ ದಿನ ಹೋಗುತ್ತಿತ್ತು, ಈಗ ಒಂದು ಗಂಟೆ ಚಿಲ್ಲರೆ. ಚೈನ್ ತೊಳೆದು, ಸಡಿಲ ನೋಡಿ, ಎಣ್ಣೆ ಹಾಕೋಕೆ ಸುಮಾರು 40 ನಿಮಿಷ. ಕೆಲಸ ಮುಗಿದ ಮೇಲೆ ಟ್ರೇನಲ್ಲಿ ಒಂದು ಜಾಗ ಖಾಲಿ ಕಂಡರೆ ಆ ಸ್ಪ್ಯಾನರ್ ಇನ್ನೂ ಬೈಕ್ ಮೇಲೇ ಇದೆ ಅಂತ ಅರ್ಥ. ಇದು ಎರಡು ಸಲ ನನ್ನನ್ನು ಕಾಪಾಡಿದೆ.

ಫೋರ್ಕ್ ಸೀಲ್ ಕೂರಿಸೋಕೆ ಪೈಪ್‌ನಲ್ಲಿ ನಾನೇ ಒಂದು ಸಾಧನ ಮಾಡಿಕೊಂಡಿದ್ದೇನೆ. ಅದರ ಅಳತೆ ಮತ್ತು ತುದಿಗೆ ಏನು ಸುತ್ತಿದ್ದೇನೆ ಅನ್ನೋದನ್ನು ಇಲ್ಲಿ ಹೇಳಲ್ಲ. ಮೂರು ಸೀಲ್ ಹಾಳು ಮಾಡಿ ಕಲಿತದ್ದು. ಟ್ರೇಗಳು ಗೋಡೆ ಮೇಲೆ ಹೇಗೆ ನಿಂತಿವೆ ಅನ್ನೋದೂ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಈ ನಡುವೆ ಸುಮ್ನೆ ಇನ್ನೊಂದು ಪ್ರಯೋಗ ಮಾಡಿದೆ. ತುಕ್ಕು ಹಿಡಿದ ಫುಟ್‌ರೆಸ್ಟ್ ಬ್ರಾಕೆಟ್ ಅನ್ನು ವಾಷಿಂಗ್ ಸೋಡಾ ಕರಗಿಸಿದ ನೀರಲ್ಲಿ ಮುಳುಗಿಸಿದೆ. ಬ್ಯಾಟರಿ ಚಾರ್ಜರ್‌ನ ಮೈನಸ್ ಅದಕ್ಕೆ, ಪ್ಲಸ್ ಹಳೇ ಕಬ್ಬಿಣದ ಸರಳಿಗೆ. ಒಂದು ರಾತ್ರಿಗೆ ತುಕ್ಕೆಲ್ಲ ಕಪ್ಪು ಕೆಸರಾಗಿ ಉಜ್ಜಿದರೆ ಬಂತು. ಸರಳು ಸ್ಟೇನ್‌ಲೆಸ್ ಆಗಿರಬಾರದು, ನೀರು ವಿಷವಾಗುತ್ತೆ. ಇದನ್ನು ಬಯಲಲ್ಲೇ ಮಾಡಿ, ಗುಳ್ಳೆಯಲ್ಲಿ ಬರೋದು ಹೈಡ್ರೋಜನ್. ಪೆಟ್ರೋಲ್ ತೆಗೆಯೋದೂ ಹೊರಗೇ. ಅದರ ಆವಿ ಗಾಳಿಗಿಂತ ಭಾರ, ನೆಲದ ಮೇಲೇ ಹರಡಿ ನಿಂತಿರುತ್ತೆ.

ಇಲ್ಲಿವರೆಗೆ ಸುರಿದ ದುಡ್ಡು ಹೆಚ್ಚುಕಡಿಮೆ ನಾಲ್ಕು ವರ್ಷದ ಸರ್ವಿಸ್ ಕೂಲಿಯಷ್ಟು. ಅದರಲ್ಲಿ ಮೂರನೇ ಒಂದು ಪಾಲು ಮೊದಲ ವರ್ಷದ ದಂಡ. ಐದನೇ ವರ್ಷದಿಂದ ಲಾಭ ಅಂತ ಲೆಕ್ಕ ಹಾಕಿದ್ದೆ, ಹೆಡ್ ಕೆಲಸದಿಂದ ಈ ವರ್ಷವೇ ಸರಿಹೋಯಿತು.

ಆ ಹೆಡ್ ಕೆಲಸದಲ್ಲಿ ಕಷ್ಟ ಕೊಟ್ಟಿದ್ದು ವಾಲ್ವ್ ಲಾಕ್, ಅಂದರೆ ವಾಲ್ವ್ ಮೇಲೆ ಸ್ಪ್ರಿಂಗ್ ಹಿಡಿದಿಡೋ ಚೂರುಗಳು. ಸ್ಪ್ರಿಂಗ್ ಒತ್ತೋಕೆ ಸಿ ಕ್ಲಾಂಪ್ ಮತ್ತು ಪಕ್ಕದಲ್ಲಿ ಕಿಟಕಿ ಕೊರೆದ ಪೈಪ್ ತುಂಡು ಬಳಸಿದೆ. ಲಾಕ್ ಅಂದರೆ ಉಗುರಿಗಿಂತ ಚಿಕ್ಕದು, ಬೆರಳಿಗೆ ಸಿಗಲ್ಲ. ಸಣ್ಣ ಸ್ಕ್ರೂ ಡ್ರೈವರ್ ತುದಿಗೆ ಚೂರು ಗ್ರೀಸ್ ಹಚ್ಚಿ ಅದಕ್ಕೆ ಅಂಟಿಸಿ, ಆ ಕಿಟಕಿಯಿಂದ ಒಳಗೆ ಬಿಟ್ಟೆ. ನಾಲ್ಕೂ ಕೂರೋಕೆ ಒಂದೂವರೆ ಗಂಟೆ. ಬೆವರು ಹೆಡ್ ಮೇಲೆ ಬೀಳದ ಹಾಗೆ ಹಣೆಗೆ ಬಟ್ಟೆ ಕಟ್ಟಿಕೊಂಡಿದ್ದೆ.

ಆಮೇಲೆ 300 ಕಿಲೋಮೀಟರ್ ಓಡಿಸಿ, ರಾತ್ರಿಯಿಡೀ ಎಂಜಿನ್ ಆರಲು ಬಿಟ್ಟು, ಬೆಳಿಗ್ಗೆ ಟ್ಯಾಪೆಟ್ ಟ್ರೇ ಇಳಿಸಿದೆ. ಗೆಳೆಯನೂ ಪಕ್ಕದಲ್ಲಿದ್ದ, ಗೇಜ್ ಅವನ ಕೈಗೇ ಕೊಟ್ಟೆ. ಇನ್‌ಟೇಕ್ ವಾಲ್ವ್ 0.05, ಎಕ್ಸಾಸ್ಟ್ ವಾಲ್ವ್ 0.08 ಮಿಲಿಮೀಟರ್. ನಾನಿಟ್ಟ ಅಳತೆ ಹಾಗೇ ಇತ್ತು. ಅವನು ಇನ್ನೊಂದು ಸಲ ಗೇಜ್ ಹಾಕಿ ನೋಡಿದ.