ಮಧ್ಯಾಹ್ನ ಒಂದಕ್ಕಿರುವ ಹಾಡಿಗೆ ಮೊಂಟ್ಸೆರಾಟ್ ಹತ್ತುವುದು ಹೇಗೆ?

ಬಾರ್ಸಿಲೋನಾ ನೋಡಲು ಹೋದವರು ಒಂದು ದಿನ ಬಿಡುವು ಮಾಡಿಕೊಂಡು ಮೊಂಟ್ಸೆರಾಟ್ ಬೆಟ್ಟಕ್ಕೂ ಹೋಗಿಬರುತ್ತಾರೆ. ಎಡವಟ್ಟಾಗುವುದು ಸಾಮಾನ್ಯವಾಗಿ ಒಂದೇ ಕಡೆ. ಆರಾಮಾಗಿ ಎದ್ದು, ತಿಂಡಿ ಮುಗಿಸಿ ಹೊರಟು ಬೆಟ್ಟದ ಮೇಲಿನ ಕ್ರೈಸ್ತ ಮಠದ ಬಾಗಿಲು ಮುಟ್ಟುವಷ್ಟರಲ್ಲಿ ಅಲ್ಲಿನ ಗಾಯನ ವೃಂದದ ಹುಡುಗರು ಹಾಡಿ ಒಳಗೆ ಹೋಗಿರುತ್ತಾರೆ. ಮಧ್ಯಾಹ್ನದ ಆ ಹಾಡು ಹೆಚ್ಚೆಂದರೆ ಕಾಲು ಗಂಟೆ. ಹಾಗಾಗಿ ಈ ಪ್ರವಾಸದ ಲೆಕ್ಕವನ್ನು ಬೆಳಿಗ್ಗೆಯಿಂದ ಶುರುಮಾಡಬೇಡಿ. ಮಧ್ಯಾಹ್ನ ಒಂದು ಗಂಟೆಯಿಂದ ಹಿಂದಕ್ಕೆ ಎಣಿಸಿ.

ಮೊದಲು ಕ್ಯಾಲೆಂಡರ್

ಹಾಡುವವರು ‘ಎಸ್ಕೊಲಾನಿಯಾ’ದ ಹುಡುಗರು. 14ನೇ ಶತಮಾನದಿಂದಲೇ ದಾಖಲೆ ಸಿಗುವ, ಯುರೋಪಿನ ಅತಿ ಹಳೆಯ ಬಾಲಕರ ಗಾಯನ ವೃಂದಗಳಲ್ಲಿ ಇದೂ ಒಂದು. ಮಠದ ಶಾಲೆಯಲ್ಲೇ ಉಳಿದು ಓದುವ ಮಕ್ಕಳು ಇವರು. ಶಾಲೆಗೆ ರಜೆ ಬಿದ್ದರೆ ಹಾಡಿಗೂ ರಜೆ. ಸಾಮಾನ್ಯವಾಗಿ ಸೋಮವಾರದಿಂದ ಶುಕ್ರವಾರದವರೆಗೆ ಮಧ್ಯಾಹ್ನ ಒಂದಕ್ಕೆ ಹಾಡುತ್ತಾರೆ. ಶನಿವಾರ ಇಲ್ಲ, ಭಾನುವಾರದ ವೇಳೆಯೇ ಬೇರೆ. ಜೂನ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಬೇಸಿಗೆ ರಜೆ; ಪ್ರವಾಸಿಗರು ತುಂಬಿ ತುಳುಕುವ ಕಾಲವೂ ಅದೇ ಎಂಬುದು ವಿಪರ್ಯಾಸ. ಆಗಾಗ ವೃಂದವೇ ಸಂಗೀತ ಕಛೇರಿಗೆಂದು ಪರ ಊರಿಗೆ ಹೋಗಿರುವುದೂ ಉಂಟು. ದಿನ ಗೊತ್ತುಮಾಡುವ ಮುನ್ನ ಮಠದ ವೆಬ್‌ಸೈಟ್ ನೋಡಿ, ಅಲ್ಲೇ ಸೀಟು ಕಾದಿರಿಸಿಕೊಳ್ಳಿ.

ಹತ್ತುವ ದಾರಿ ಎರಡು

ಬೆಟ್ಟ ಬಾರ್ಸಿಲೋನಾದಿಂದ ವಾಯವ್ಯಕ್ಕೆ ಸುಮಾರು 50 ಕಿ.ಮೀ. ಪ್ಲಾಸಾ ಎಸ್ಪಾನ್ಯಾ ನಿಲ್ದಾಣದಲ್ಲಿ ಮನ್ರೇಸಾ ಕಡೆಗೆ ಹೋಗುವ ಆರ್5 ರೈಲು ಹಿಡಿಯಿರಿ. ಟಿಕೆಟ್ ಕೊಳ್ಳುವಾಗಲೇ ಒಂದು ಪ್ರಶ್ನೆ ಎದುರಾಗುತ್ತದೆ: ರೋಪ್‌ವೇಯೋ, ಹಲ್ಲುಹಳಿಯ ರೈಲೋ? ಎರಡಕ್ಕೂ ಇಳಿಯುವ ನಿಲ್ದಾಣ ಬೇರೆ, ಒಂದರ ಟಿಕೆಟ್ ಇನ್ನೊಂದರಲ್ಲಿ ನಡೆಯುವುದಿಲ್ಲ.

ರೋಪ್‌ವೇ ಬೇಕಿದ್ದರೆ ‘ಆಯೆರಿ ದೆ ಮೊಂಟ್ಸೆರಾಟ್’ನಲ್ಲಿ ಇಳಿಯಿರಿ. 1930ರಿಂದ ಓಡುತ್ತಿರುವ ಹಳದಿ ಪೆಟ್ಟಿಗೆ ಐದೇ ನಿಮಿಷದಲ್ಲಿ 544 ಮೀಟರ್ ಮೇಲಕ್ಕೆ ಎತ್ತಿಬಿಡುತ್ತದೆ. ಅದರಲ್ಲಿ ಹಿಡಿಸುವುದು 35 ಜನ. ರೈಲಿನಿಂದ ಇಳಿದವರೆಲ್ಲ ಒಟ್ಟಿಗೆ ನುಗ್ಗಿದರೆ ಒಂದೆರಡು ಸರದಿ ಕಾಯಬೇಕಾದೀತು. ಎತ್ತರ ಕಂಡರೆ ತಲೆ ತಿರುಗುವವರು ಮುಂದಿನ ನಿಲ್ದಾಣ ಮೊನಿಸ್ತ್ರೋಲ್‌ನಲ್ಲಿ ಇಳಿದು ‘ಕ್ರೆಮಯೇರಾ’ ಎಂಬ ಹಲ್ಲುಹಳಿಯ ರೈಲು ಹತ್ತಬಹುದು. ಈ ಮಾತಿಗೆ ಬಟ್ಟೆಯ ಜಿಪ್ ಎಂಬ ಅರ್ಥವೂ ಇದೆ. ಹಳಿಗಳ ನಡುವಿನ ಹಲ್ಲುಪಟ್ಟಿಗೆ ಚಕ್ರದ ಹಲ್ಲು ಕಚ್ಚಿಕೊಂಡು ರೈಲು ಏರುವುದನ್ನು ನೋಡಿದರೆ ಹೆಸರು ಸರಿಯೆನಿಸುತ್ತದೆ. 1892ರಲ್ಲಿ ಶುರುವಾಗಿ, 1957ರಲ್ಲಿ ನಿಂತು, 2003ರಲ್ಲಿ ಹೊಸದಾಗಿ ಮರಳಿತು. ನನ್ನ ಮಾತು ಕೇಳುವುದಾದರೆ ರೋಪ್‌ವೇಯೇ ಸರಿ, ಬಂಡೆಗಳು ಮುಖಕ್ಕೇ ಬಂದು ನಿಲ್ಲುತ್ತವೆ. ಬೆಟ್ಟದ ಹೆಸರಿಗೆ ಗರಗಸದ ಹಲ್ಲಿನಂಥದ್ದು ಎಂದು ಅರ್ಥ. ಹತ್ತಿರದಿಂದ ಕಂಡರೆ ಬಂಡೆಯ ಮೈತುಂಬ ಉರುಟು ಬೆಣಚುಗಳು ಹುದುಗಿವೆ, ಯಾರೋ ಗಾರೆಯಲ್ಲಿ ಕಲಸಿ ಮೆತ್ತಿದ ಹಾಗೆ.

ಯಾವ ದಾರಿಯಾದರೂ ನಗರದಿಂದ ಒಂದೂವರೆ ಗಂಟೆ ಹಿಡಿಯಿರಿ, ಕಾಯುವುದಕ್ಕೆ ಇನ್ನರ್ಧ ಗಂಟೆ ಸೇರಿಸಿ. ಎಂಟೂವರೆಯ ಆಸುಪಾಸಿಗೆ ಹೊರಟರೆ ನಿರಾಳ.

ಹಾಡಿಗೆ ಮುಂಚೆ

ಮಠ ಸಂತ ಬೆನೆಡಿಕ್ಟನ ನಿಯಮ ಪಾಲಿಸುವ ಬೆನೆಡಿಕ್ಟೈನ್ ಸನ್ಯಾಸಿಗಳದು; 1025ರಲ್ಲಿ ಮಠಾಧಿಪತಿ ಒಲಿಬಾ ಸ್ಥಾಪಿಸಿದ್ದು. ಬೆಳಗಿನ ಹೊತ್ತನ್ನು ‘ಮೊರೆನೆಟಾ’ಗೆ ಇಡಿ. 12ನೇ ಶತಮಾನದ ಮರದ ಮೇರಿ ವಿಗ್ರಹ, ಮುಖ ಕಪ್ಪು. ಇಡೀ ಮೂರ್ತಿ ಗಾಜಿನ ಹಿಂದಿದ್ದರೂ ಬಲಗೈಯ ಗೋಳ ಮಾತ್ರ ಹೊರಗೆ ಚಾಚಿದೆ. ಭಕ್ತರು ಅದನ್ನು ಮುಟ್ಟಿ ಮುಂದೆ ಸಾಗುತ್ತಾರೆ. ಸಾಲು ಉದ್ದವಾಗಿದ್ದರೆ ನೇರ ಹಾಡಿಗೆ ಹೋಗಿ, ದರ್ಶನ ಆಮೇಲೂ ಆದೀತು. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಇರಲಿ.

ಹನ್ನೆರಡೂವರೆಗೆಲ್ಲ ಮಠದ ಚರ್ಚಾದ ಬೆಸಿಲಿಕಾದಲ್ಲಿ ಕೂತಿರಿ. ಕಪ್ಪು ನಿಲುವಂಗಿಯ ಮೇಲೆ ಬಿಳಿ ಮೇಲಂಗಿ ತೊಟ್ಟ ಹುಡುಗರು ಬಂದು ನಿಲ್ಲುತ್ತಾರೆ. ಹಾಡುವುದು ಮೇರಿಯ ಎರಡು ಸ್ತುತಿಗಳನ್ನು: ‘ಸಾಲ್ವೆ’ ಲ್ಯಾಟಿನ್‌ನಲ್ಲಿ, ‘ವಿರೊಲಾಯ್’ ಈ ನಾಡಿನ ಭಾಷೆಯಾದ ಕತಲಾನ್‌ನಲ್ಲಿ. ಎರಡನೆಯದು ಬಂದಾಗ ಹಾಡುವವರ ಕಡೆಯಷ್ಟೇ ಅಲ್ಲ, ಪಕ್ಕದ ಬೆಂಚಿನ ಕಡೆಯೂ ಕಿವಿ ಕೊಡಿ: ಊರಿನ ಹಿರಿಯರ ತುಟಿ ಅಲುಗುತ್ತಿರುತ್ತದೆ. ಫೋನು ಜೇಬಿನಲ್ಲೇ ಇರಲಿ.

ಈ ಬೆಟ್ಟಕ್ಕೂ ಹಾಡಿಗೂ ನಂಟು ಹಳೆಯದು. 14ನೇ ಶತಮಾನದ ಕೊನೆಯಲ್ಲಿ ಇಲ್ಲಿ ರಾತ್ರಿ ಜಾಗರಣೆ ಕೂತ ಯಾತ್ರಿಕರು ಹಾಡಿ ಕುಣಿಯಲು ಬಯಸುತ್ತಿದ್ದರಂತೆ. ಮಠದವರು ಬೇಡವೆನ್ನುವ ಬದಲು ಅವರಿಗೊಪ್ಪುವ ಭಕ್ತಿಗೀತೆಗಳನ್ನೇ ಬರೆದಿಟ್ಟರು. ಅವನ್ನು ಬರೆದಿಟ್ಟ ಪುಸ್ತಕಕ್ಕೆ ‘ಕೆಂಪು ಪುಸ್ತಕ’ ಎಂದೇ ಹೆಸರು; ಅದರ ಹತ್ತು ಹಾಡು ಉಳಿದಿವೆ. 1811ರಲ್ಲಿ ನೆಪೋಲಿಯನ್ನನ ಪಡೆ ಮಠ ಹಾಳುಗೆಡವಿದಾಗ ಪುಸ್ತಕವನ್ನು ಯಾರೋ ಕಡ ಒಯ್ದಿದ್ದರು, ಹಾಗಾಗಿ ಬಚಾವಾಯಿತು.

ಆಮೇಲೆ

ಊಟಕ್ಕೆ ಕಷ್ಟಪಡಬೇಡಿ, ದಾರಿಬದಿಯ ಅಂಗಡಿಗಳಲ್ಲಿ ‘ಮಾತೊ’ ಎಂಬ ಮೆತ್ತನೆಯ ಉಪ್ಪಿಲ್ಲದ ಚೀಸ್ ಸಿಗುತ್ತದೆ, ಮೇಲೆ ಜೇನು ಸುರಿದುಕೊಳ್ಳಿ. ಕಾಲಿನಲ್ಲಿ ಬಲವಿದ್ದರೆ ಸಾಂತ್ ಜುವಾನ್ ಫ್ಯುನಿಕ್ಯುಲರ್ (ಕಡಿದಾದ ಹಳಿಯ ಮೇಲೆ ಹಗ್ಗದಿಂದ ಎಳೆಯುವ ಬಂಡಿ) ಹತ್ತಿ, ಅಲ್ಲಿಂದ 1,236 ಮೀಟರ್ ಎತ್ತರದ ಸಾಂತ್ ಜೆರೊನಿ ಶಿಖರಕ್ಕೆ ನಡೆಯಿರಿ. ನೀರು ಜೊತೆಗಿರಲಿ. ನಡೆಯಲು ಮನಸ್ಸಿಲ್ಲದವರಿಗೆ ಮ್ಯೂಸಿಯಮ್ಮಿನಲ್ಲಿ ಎಲ್ ಗ್ರೆಕೊ, ಕರವಾಜಿಯೊ, ಪಿಕಾಸೊ ಅವರ ಚಿತ್ರಗಳಿವೆ.

ಸಂಜೆ ಸನ್ಯಾಸಿಗಳ ಪ್ರಾರ್ಥನೆಗೂ ಉಳಿಯುವ ಆಸೆಯಾಗುತ್ತದೆ. ಹಾಗಿದ್ದರೆ ಬೆಳಿಗ್ಗೆ ಮೇಲೆ ಇಳಿದ ತಕ್ಷಣ, ಬಾಗಿಲ ಪಕ್ಕದ ಹಲಗೆಯಲ್ಲಿ ರೋಪ್‌ವೇಯ ಕೊನೆಯ ಪೆಟ್ಟಿಗೆ ಎಷ್ಟು ಗಂಟೆಗೆ ಇಳಿಯುತ್ತದೆಂದು ಓದಿಕೊಂಡಿರಿ. ಚಳಿಗಾಲದಲ್ಲಿ ಅದು ಪ್ರಾರ್ಥನೆಯ ಗಂಟೆಗಾಗಿ ಕಾಯುವುದಿಲ್ಲ.