ಬುಟ್ಟಿ ಕಂಡರೆ ಮಂಚದಡಿ ಓಡುವ ಬೆಕ್ಕು: ಆಸ್ಪತ್ರೆಗೆ ಒಯ್ಯುವುದು ಹೇಗೆ?

ಬೆಕ್ಕನ್ನು ಪಶು ಆಸ್ಪತ್ರೆಗೆ ಒಯ್ಯುವ ಕೆಲಸ ಬಹಳಷ್ಟು ಸಲ ಮನೆಯ ಮಂಚದಡಿಯಲ್ಲೇ ಹದಗೆಡುತ್ತದೆ. ಒಬ್ಬರು ಕಸಬರಿಗೆ ಹಿಡಿದು ಅದನ್ನು ಎಬ್ಬಿಸುತ್ತಾರೆ. ಇನ್ನೊಬ್ಬರು ಬಾಗಿಲಲ್ಲಿ ಗೋಣಿಚೀಲ ಹಿಡಿದು ನಿಂತಿರುತ್ತಾರೆ. ಹೊರಗೆ ಆಟೋದವರು ಹಾರ್ನ್ ಬಾರಿಸುತ್ತಿರುತ್ತಾರೆ. ಇದರ ನಡುವೆ ಅಜ್ಜಿ, ‘ಬೆಕ್ಕಿಗ್ಯಾಕ ಬೇಕವ್ವ ಡಾಕ್ಟ್ರು? ತಾನೇ ಆರಾಮ ಆಗ್ತದ ಬಿಡು’ ಅನ್ನುತ್ತಾರೆ.

ಅಜ್ಜಿಯ ಮಾತು ಕೇಳಿ ಸುಮ್ಮನಿರುವಂತಿಲ್ಲ. ಬೆಕ್ಕು ನೋವನ್ನು ಮುಚ್ಚಿಡುವ ಪ್ರಾಣಿ. ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಕಾಯಿಲೆ ಮುಂದೆ ಹೋಗಿರುತ್ತದೆ. ಒಂದು ದಿನ ಪೂರ್ತಿ ಏನೂ ತಿನ್ನದಿದ್ದರೆ ಡಾಕ್ಟರಿಗೆ ತಿಳಿಸಬೇಕು. ಗಂಡು ಬೆಕ್ಕು ಮೂತ್ರಕ್ಕೆಂದು ಪದೇ ಪದೇ ಕೂತು, ತಿಣುಕಿ, ಒಂದು ಹನಿಯೂ ಬಾರದೆ ಎದ್ದರೆ ಅದೇ ಗಂಟೆಗೆ ಹೊರಡಬೇಕು. ಇಂಥ ತುರ್ತು ಬಂದಾಗ ಅದನ್ನು ಹಿಡಿಯಲು ಮನೆಮಂದಿಯೆಲ್ಲ ಬೆನ್ನಟ್ಟುವ ಸ್ಥಿತಿ ಇರಬಾರದು. ಅದಕ್ಕೇ ತಯಾರಿ ಆರಾಮಿದ್ದಾಗಲೇ ಆಗಬೇಕು.

ಬುಟ್ಟಿ ಅಟ್ಟದಿಂದ ಇಳಿಯಲಿ

ವರ್ಷವಿಡೀ ಅಟ್ಟದ ಮೇಲಿರುವ ಕ್ಯಾರಿಯರ್, ಅಂದರೆ ಬೆಕ್ಕನ್ನು ಒಯ್ಯುವ ಬಾಗಿಲಿನ ಬುಟ್ಟಿ, ಆಸ್ಪತ್ರೆಯ ದಿನ ಮಾತ್ರ ಕೆಳಗೆ ಬಂದರೆ ಬೆಕ್ಕಿಗೆ ಗೊತ್ತಾಗದೇ ಇರುತ್ತದೆಯೇ? ಹೋಗುವುದಕ್ಕೆ ಎರಡು ವಾರ ಮೊದಲೇ ಅದನ್ನು ಇಳಿಸಿ, ಒರೆಸಿ, ಬೆಕ್ಕು ದಿನವೂ ಮಲಗುವ ಮೂಲೆಯಲ್ಲಿ ಬಾಗಿಲು ತೆರೆದಿಡಿ. ಒಳಗೆ ಹಳೆ ಸೀರೆಯ ಕೌದಿ ಹಾಸಿ. ಒಗೆದದ್ದು ಬೇಡ. ಅದು ಈಗಾಗಲೇ ಮಲಗಿ, ಕೂದಲು ಅಂಟಿಸಿದ ಕೌದಿಯೇ ಇರಲಿ. ಬೆಕ್ಕಿನ ಕೆನ್ನೆಯಲ್ಲಿ ವಾಸನೆಯ ಗ್ರಂಥಿಗಳಿರುತ್ತವೆ. ಬಾಗಿಲಿಗೆ, ಕುರ್ಚಿಯ ಕಾಲಿಗೆ ಕೆನ್ನೆ ಉಜ್ಜಿ ‘ಇದು ನನ್ನ ಜಾಗ’ ಎಂದು ಗುರುತು ಹಾಕುವುದು ಅದರಿಂದಲೇ. ಕ್ಯಾರಿಯರ್‌ಗೂ ಆ ಗುರುತು ಬಿದ್ದರೆ ಅರ್ಧ ಕೆಲಸ ಮುಗಿದಂತೆ.

ಊಟದ ತಟ್ಟೆಯನ್ನು ಮೊದಲು ಅದರ ಹತ್ತಿರ ಇಡಿ. ಆಮೇಲೆ ಬಾಗಿಲಲ್ಲಿ, ನಂತರ ಒಳಗೆ. ಉಪ್ಪು, ಮಸಾಲೆ ಹಾಕದೆ ಬೇಯಿಸಿದ ಕೋಳಿಯ ಚೂರು ಇದಕ್ಕೆ ಒಳ್ಳೆಯ ಲಂಚ. ತಾನಾಗಿ ಒಳಗೆ ಹೋಗಿ ಮಲಗಲು ಶುರು ಮಾಡಿದ ಮೇಲೆ ಒಂದು ನಿಮಿಷ ಬಾಗಿಲು ಮುಚ್ಚಿ, ತೆರೆದು, ಒಂದು ಚೂರು ಕೊಡಿ. ಇನ್ನೊಂದು ದಿನ ಎತ್ತಿಕೊಂಡು ಅಂಗಳದವರೆಗೆ ಹೋಗಿ ಬನ್ನಿ. ಅವಸರ ಬೇಡ. ಕೂಗಲು ಶುರು ಮಾಡಿದರೆ ಒಂದು ಹೆಜ್ಜೆ ಹಿಂದೆ ಹೋಗಿ.

ಹೊಸದು ಕೊಳ್ಳುವವರು ಗಟ್ಟಿ ಪ್ಲಾಸ್ಟಿಕ್ಕಿನದನ್ನು, ಮೇಲಿನ ಅರ್ಧ ಬಿಚ್ಚಿ ತೆಗೆಯಲು ಬರುವಂಥದ್ದನ್ನು ಕೊಳ್ಳಿ. ಅದರ ಉಪಯೋಗ ಆಸ್ಪತ್ರೆಯಲ್ಲಿ ಗೊತ್ತಾಗುತ್ತದೆ. ಕೊಳ್ಳಲು ಆಗದಿದ್ದರೆ ಗಾಳಿ ಆಡುವ ಎರಡು ಪ್ಲಾಸ್ಟಿಕ್ ಬುಟ್ಟಿಗಳನ್ನು ಒಂದರ ಮೇಲೆ ಇನ್ನೊಂದನ್ನು ಬೋರಲು ಇಟ್ಟು ಹಗ್ಗದಿಂದ ಬಿಗಿದರೂ ನಡೆಯುತ್ತದೆ. ಗೋಣಿಚೀಲ ಮಾತ್ರ ಬೇಡ. ಒಳಗೆ ಸೆಕೆ, ಕಾಲಿಗೆ ಆಧಾರವಿಲ್ಲ, ಬಾಯಿ ಬಿಚ್ಚಿದ ಕೂಡಲೇ ಬೆಕ್ಕು ಬಾಣದಂತೆ ಹಾರುತ್ತದೆ.

ಹೊರಡುವ ದಿನ

ಇಲ್ಲಿ ಸಮಾಧಾನ ಬೇಕಾದದ್ದು ಮೊದಲು ನಿಮಗೆ. ನಿಮ್ಮ ದನಿ ಏರಿದರೆ, ನಡಿಗೆ ಜೋರಾದರೆ ಬೆಕ್ಕು ತಟ್ಟನೆ ಗುರುತಿಸುತ್ತದೆ. ಮನಸ್ಸು ಶಾಂತವಾಗಿಟ್ಟುಕೊಳ್ಳಿ ಎಂದು ಹೇಳುವುದು ಸುಲಭ, ಅಲ್ವಾ? ಗಡಿಬಿಡಿಯ ಕಾರಣಗಳನ್ನೇ ಕಡಿಮೆ ಮಾಡುವುದು ಅದಕ್ಕಿಂತ ಒಳ್ಳೆಯ ದಾರಿ. ಲಸಿಕೆಯ ಪುಸ್ತಕ, ಒಂದು ದಪ್ಪ ಟಾವೆಲ್, ಚಿಲ್ಲರೆ ಹಣ ಹಿಂದಿನ ರಾತ್ರಿಯೇ ಚೀಲದಲ್ಲಿರಲಿ. ಕೆಮ್ಮು, ಕುಂಟುವುದು ಇದ್ದರೆ ಮೊಬೈಲಿನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಿ. ಡಾಕ್ಟರ ಮುಂದೆ ಅದು ಕುಂಟುವುದೇ ಇಲ್ಲ! ಬೆಳಿಗ್ಗೆ ಎದ್ದ ಕೂಡಲೇ ಮಂಚವಿರುವ ಕೋಣೆಗಳ ಬಾಗಿಲು ಹಾಕಿ. ಮುಖ್ಯವಾಗಿ, ಬೆಕ್ಕು ಬುಟ್ಟಿಯೊಳಗೆ ಕೂತ ಮೇಲೆಯೇ ಆಟೋ ಕರೆಯಿರಿ.

ಹಿಡಿಯುವವರು ಒಬ್ಬರೇ ಇರಲಿ, ಮಿಕ್ಕವರು ಹೊರಗೆ ಕೂತಿರಲಿ. ತಾನಾಗಿ ಹೋಗದಿದ್ದರೆ ಕ್ಯಾರಿಯರನ್ನು ಬಾಗಿಲು ಮೇಲೆ ಬರುವಂತೆ ನಿಲ್ಲಿಸಿ. ಬೆಕ್ಕಿನ ಮೇಲೆ ಟಾವೆಲ್ ಹೊದಿಸಿ, ಎದೆಯ ಕೆಳಗೊಂದು ಕೈ, ಹಿಂಗಾಲಿನ ಕೆಳಗೊಂದು ಕೈ ಕೊಟ್ಟು ಎತ್ತಿ, ಹಿಂಗಾಲು ಮೊದಲು ಇಳಿಯುವಂತೆ ಮೆಲ್ಲಗೆ ಇಳಿಸಿ. ಮುಖ ಮೊದಲು ತುರುಕಲು ಹೋದರೆ ನಾಲ್ಕೂ ಕಾಲು ಅಗಲಿಸಿ ಬಾಗಿಲನ್ನು ಹಿಡಿದುಕೊಳ್ಳುತ್ತದೆ. ಕುತ್ತಿಗೆಯ ಚರ್ಮ ಹಿಡಿದು ಎತ್ತುವುದು ಮರಿಗಳ ವಿಷಯದಲ್ಲಿ ತಾಯಿಬೆಕ್ಕಿನ ಕೆಲಸ. ದೊಡ್ಡ ಬೆಕ್ಕಿಗೆ ಅದರಿಂದ ನೋವೂ ಭಯವೂ ಜಾಸ್ತಿ. ಬರೀ ಲಸಿಕೆಗೆ ಹೊರಟಿದ್ದು, ಬೆಕ್ಕು ಪೂರ್ತಿ ರೇಗಿದ್ದರೆ ಅಂದು ಬಿಟ್ಟುಬಿಡಿ. ಆಸ್ಪತ್ರೆಗೆ ಫೋನ್ ಮಾಡಿ ಇನ್ನೊಂದು ದಿನ ಕೇಳಿ.

ಪ್ರಯಾಣದಲ್ಲಿ ವಾಂತಿ ಮಾಡುವ ಬೆಕ್ಕಿಗೆ ಹೊರಡುವ ಮೂರ್ನಾಲ್ಕು ಗಂಟೆ ಮೊದಲು ಊಟ ನಿಲ್ಲಿಸಬಹುದು. ನೀರು ನಿಲ್ಲಿಸಬೇಡಿ. ಸಣ್ಣ ಮರಿಗಳಿಗೂ ಸಕ್ಕರೆ ಕಾಯಿಲೆಯ ಬೆಕ್ಕಿಗೂ ಡಾಕ್ಟರನ್ನು ಕೇಳದೆ ಉಪವಾಸ ಹಾಕಬಾರದು.

ಬಹಳ ಹೆದರುವ ಬೆಕ್ಕಿಗೆ ಭೇಟಿಯ ಎರಡು ಮೂರು ಗಂಟೆ ಮೊದಲು ಕೊಡಲು ಗ್ಯಾಬಪೆಂಟಿನ್‌ನಂಥ ಔಷಧ ಬರೆದುಕೊಡುವುದುಂಟು. ತೂಕ, ಮೂತ್ರಪಿಂಡದ ಸ್ಥಿತಿ ನೋಡಿ ಡಾಕ್ಟರೇ ಅಳತೆ ಹೇಳಬೇಕು. ಮನೆಯ ಡಬ್ಬಿಯಲ್ಲಿನ ಮಾತ್ರೆಗೆ ಕೈ ಹಾಕಬೇಡಿ. ಪ್ಯಾರಾಸಿಟಮಾಲ್ ಬೆಕ್ಕಿನ ಪ್ರಾಣ ತೆಗೆಯುತ್ತದೆ, ಒಂದೇ ಮಾತ್ರೆಯಾದರೂ.

ದಾರಿಯಲ್ಲಿ

ನಮ್ಮ ಕಲಬುರಗಿಯ ಬಿಸಿಲಿನ ಬಗ್ಗೆ ಯಾರಿಗೂ ಹೇಳಬೇಕಾಗಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ತಾಪಮಾನ 40 ಡಿಗ್ರಿ ದಾಟುತ್ತದೆ. ಮುಚ್ಚಿದ ಬುಟ್ಟಿ ಒಲೆಯಾಗುತ್ತದೆ. ಬೇಸಿಗೆಯಲ್ಲಿ ಬೆಳಗಿನ ಮೊದಲ ಸರದಿಗೇ ಹೋಗಿ. ನಾಯಿ ಬಾಯಿ ತೆರೆದು ಏದುಸಿರು ಬಿಡುವುದು ಮಾಮೂಲು. ಬೆಕ್ಕು ಹಾಗೆ ಮಾಡಿದರೆ ಅಪಾಯದ ಸೂಚನೆ. ತಕ್ಷಣ ನೆರಳಿಗೆ, ಗಾಳಿಗೆ ತಂದು, ಪಾದ ಮತ್ತು ಕಿವಿಗೆ ತಣ್ಣೀರಿನ ಬಟ್ಟೆ ಒತ್ತಿ, ನೇರ ಡಾಕ್ಟರ ಬಳಿ ಒಯ್ಯಿರಿ. ಮಂಜುಗಡ್ಡೆ ಬೇಡ.

ಆಟೋದಲ್ಲಿ ಕ್ಯಾರಿಯರನ್ನು ತೊಡೆಯ ಮೇಲಿಟ್ಟು ತಳಕ್ಕೆ ಎರಡೂ ಕೈ ಕೊಡಿ. ಹಿಡಿಕೆಯಿಂದ ತೂಗಾಡಿಸಿದರೆ ಒಳಗಿನದಕ್ಕೆ ತಲೆ ಸುತ್ತುತ್ತದೆ. ಮೇಲೆ ತೆಳ್ಳನೆ ಬಟ್ಟೆ ಮುಚ್ಚಿ, ಗಾಳಿಗೆ ಒಂದು ಬದಿ ಬಿಡಿ. ಕಾರಾದರೆ ಮುಂದಿನ ಸೀಟಿನ ಹಿಂದೆ ನೆಲದ ಮೇಲೆ ಇಟ್ಟರೆ ಅಲುಗಾಟ ಕಡಿಮೆ. ಬೈಕ್ ಆದಷ್ಟು ಬೇಡ. ಅನಿವಾರ್ಯವಾದರೆ ಹಿಂದೆ ಕೂತವರು ಎರಡೂ ಕೈಯಲ್ಲಿ ಹಿಡಿದಿರಬೇಕು. ‘ಬುಟ್ಟ್ಯಾಗ ಏನದ್ರಿ?’ ಎಂದು ಡ್ರೈವರ್ ಕೇಳುತ್ತಾರೆ. ಬೆಕ್ಕು ಅಂದರೆ ಶಕುನದ ಮಾತು ತೆಗೆಯುವವರೂ ಇದ್ದಾರೆ. ನಕ್ಕುಬಿಡಿ. ‘ಅಣ್ಣಾ, ಹಾಡಿನ ಸೌಂಡ್ ಸ್ವಲ್ಪ ಕಡಿಮಿ ಮಾಡ್ರಿ’ ಎಂದು ಕೇಳುವುದನ್ನು ಮಾತ್ರ ಮರೆಯಬೇಡಿ. ನಮಗೆ ಕೇಳದ ಎಷ್ಟೋ ಕೀರಲು ಸದ್ದು ಬೆಕ್ಕಿಗೆ ಕೇಳುತ್ತದೆ.

ದೊಡ್ಡ ಪರೀಕ್ಷೆ, ಶಸ್ತ್ರಚಿಕಿತ್ಸೆ ಬೇಕಾದಾಗ ಬೀದರಿನ ನಂದಿನಗರದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗುವವರಿದ್ದಾರೆ. ಕಲಬುರಗಿಯಿಂದ ಹುಮನಾಬಾದ್ ಮೇಲೆ ನೂರು ಕಿ.ಮೀ.ಗಿಂತ ಹೆಚ್ಚಿನ ದಾರಿ. ಕೌದಿಯ ಕೆಳಗೆ ಹಳೆ ಪೇಪರ್ ಹಾಸಿ, ಬದಲಿಗೆ ಇನ್ನೊಂದು ಬಟ್ಟೆ ಇಟ್ಟುಕೊಳ್ಳಿ. ಚಹಾಕ್ಕೆ ನಿಂತಾಗ ಪಾಪ ಅನಿಸಿ ಕ್ಯಾರಿಯರ್ ಬಾಗಿಲು ತೆರೆಯಬೇಡಿ. ಹೊಸ ಜಾಗದಲ್ಲಿ ಹಾರಿದ ಬೆಕ್ಕು ಕರೆದರೆ ಬರುವುದಿಲ್ಲ.

ಆಸ್ಪತ್ರೆಯ ಅಂಗಳ

ನಮ್ಮ ಕಡೆ ಪಶು ಆಸ್ಪತ್ರೆಗಳು ಮುಖ್ಯವಾಗಿ ದನ, ಎಮ್ಮೆ, ಮೇಕೆಗಳವು. 1962ಕ್ಕೆ ಕರೆ ಮಾಡಿದರೆ ಬರುವ ಪಶು ಸಂಜೀವಿನಿ ವಾಹನವೂ ಹೆಚ್ಚಾಗಿ ರೈತರ ಜಾನುವಾರುಗಳಿಗಾಗಿ ಓಡಾಡುತ್ತದೆ. ನೀವು ಬುಟ್ಟಿ ಹಿಡಿದು ಹೋದಾಗ ಅಲ್ಲಿ ಎಮ್ಮೆ ಗೂಟಕ್ಕೆ ಕಟ್ಟಿರುತ್ತದೆ, ನಾಯಿ ಬೊಗಳುತ್ತಿರುತ್ತದೆ. ಹಾಗಾಗಿ ಮೊದಲೇ ಫೋನ್ ಮಾಡಿ ಜನ ಕಡಿಮೆ ಇರುವ ಹೊತ್ತು ಕೇಳಿ. ಇಬ್ಬರು ಹೋದರೆ ಒಬ್ಬರು ಚೀಟಿ ಮಾಡಿಸಲಿ, ಇನ್ನೊಬ್ಬರು ದೂರದ ಬೇವಿನ ನೆರಳಲ್ಲಿ ಬೆಕ್ಕಿನ ಜೊತೆ ನಿಲ್ಲಲಿ. ಬುಟ್ಟಿಯನ್ನು ನೆಲಕ್ಕಿಡದೆ ಬೆಂಚಿನ ಮೇಲಿಡಿ. ನಾಯಿಯ ಮೂತಿಯ ಎತ್ತರಕ್ಕೆ ಬೆಕ್ಕು ಇರಬಾರದು. ‘ಎಲ್ಲಿ ನೋಡೋಣ’ ಎಂದು ಬಟ್ಟೆ ಎತ್ತುವವರಿಗೆ ಬೇಡ ಅನ್ನಲು ಸಂಕೋಚ ಪಡಬೇಡಿ.

ಒಳಗೆ ಹೋದ ಕೂಡಲೇ ಡಾಕ್ಟರಿಗೆ ‘ಇದು ಬಹಳ ಹೆದರ್ತದ, ಕಚ್ತದ’ ಎಂದು ಹೇಳಿಬಿಡಿ. ಬಾಗಿಲು, ಕಿಟಕಿ ಮುಚ್ಚಿವೆಯೇ ನೋಡಿ. ಕ್ಯಾರಿಯರ್‌ನ ಮೇಲಿನ ಅರ್ಧ ಬಿಚ್ಚಿದರೆ ಬೆಕ್ಕು ತನ್ನ ಕೌದಿಯ ಮೇಲೆಯೇ ಕೂತಿರುತ್ತದೆ. ಸೂಜಿ ಹಾಕುವುದೂ ಹೊಟ್ಟೆ ಮುಟ್ಟಿ ನೋಡುವುದೂ ಅಲ್ಲೇ ಆಗುತ್ತದೆ. ತಲೆಯ ಮೇಲೆ ಟಾವೆಲ್ ಹೊದಿಸಿದರೆ ಎಷ್ಟೋ ಬೆಕ್ಕುಗಳು ಸುಮ್ಮನಾಗುತ್ತವೆ. ಕಿವಿ ಹಿಂದಕ್ಕೆ ಚಪ್ಪಟೆಯಾಗಿ, ಕಣ್ಣಿನ ಪಾಪೆ ಅಗಲವಾಗಿ, ಬಾಲ ಪಟಪಟ ಬಡಿಯಲು ಶುರುವಾದರೆ ಕಚ್ಚುವ ಹೊತ್ತು ಬಂತು ಎಂದೇ ತಿಳಿದು ಒಂದೆರಡು ನಿಮಿಷ ಬಿಡುವು ಕೇಳಿ. ಬೆಕ್ಕಿನ ಸಹಜ ಮೈಬಿಸಿ ಸುಮಾರು 38ರಿಂದ 39 ಡಿಗ್ರಿ ಸೆಲ್ಸಿಯಸ್. ಹೆದರಿಕೆಗೂ ಸ್ವಲ್ಪ ಏರುತ್ತದೆ, ಅಷ್ಟಕ್ಕೇ ಗಾಬರಿ ಬೇಡ.

ಕಚ್ಚಿದರೆ, ಪರಚಿದರೆ ಅರಿಶಿನ ಮೆತ್ತಿ ಸುಮ್ಮನಾಗಬೇಡಿ. ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು, ಅದೇ ದಿನ ನಿಮ್ಮ ಡಾಕ್ಟರಿಗೆ ತೋರಿಸಿ. ಬೆಕ್ಕಿನ ಹಲ್ಲು ಸಣ್ಣದು, ಗಾಯ ಆಳ. ಬೇಗ ಕೀವು ಕಟ್ಟುತ್ತದೆ. ರೇಬಿಸ್ ಚುಚ್ಚುಮದ್ದು ಬೇಕೇ ಎಂಬುದನ್ನೂ ಅವರೇ ಹೇಳುತ್ತಾರೆ.

ಮನೆಗೆ ಬಂದ ಮೇಲೆ

ಮನೆಯಲ್ಲಿ ಇನ್ನೊಂದು ಬೆಕ್ಕಿದ್ದರೆ ಅದು ಬುಸುಗುಡಬಹುದು. ಜೊತೆಗಾರನ ಮೈಯಿಂದ ಆಸ್ಪತ್ರೆಯ ವಾಸನೆ ಬರುತ್ತಿರುತ್ತದೆ, ಗುರುತೇ ಸಿಗುವುದಿಲ್ಲ. ರಾತ್ರಿಯವರೆಗೆ ಬೇರೆ ಬೇರೆ ಕೋಣೆಯಲ್ಲಿಡಿ. ಸ್ನಾನ ಮಾಡಿಸುವ ಸಾಹಸ ಬೇಡ. ಆಸ್ಪತ್ರೆಗೆ ಹೋಗಿಬಂದದ್ದು ಮೂಲೆ ಸೇರಿದರೆ ಎಳೆಯಬೇಡಿ. ಹತ್ತಿರದಲ್ಲಿ ನೀರು, ಊಟ, ಮಣ್ಣಿನ ಟ್ರೇ ಇಟ್ಟು ಬಿಡಿ. ಲಸಿಕೆಯ ದಿನ ಸ್ವಲ್ಪ ಮಂಕಾಗಿ ಮಲಗುವುದು ಸಾಮಾನ್ಯ. ಮುಖ ಊದಿಕೊಂಡರೆ, ಪದೇ ಪದೇ ವಾಂತಿಯಾದರೆ ಕೂಡಲೇ ಮತ್ತೆ ಆಸ್ಪತ್ರೆಗೆ ಒಯ್ಯಿರಿ. ಮರುದಿನವೂ ತಟ್ಟೆ ಮುಟ್ಟದಿದ್ದರೆ ಡಾಕ್ಟರಿಗೆ ಫೋನ್ ಮಾಡಿ.